ಪತ್ತನಾಜೆಗೆ ಮೊದಲು ಎತ್ತಿದ ಹಲಗೆಗಳು

ಪಡುಬೈಲಿನ ಕುಶಲಾ ಪೂಜಾರ್ತಿಯ ಸಂಗತಿ ಹೇಳಬೇಕಾದರೆ ಐತ ಪೂಜಾರಿಯಿಂದ ಸುರು ಮಾಡಬೇಕು. ತುಳುವರಲ್ಲಿ ಮನೆತನ ಎಣಿಸುವುದು ತಾಯಿಯ ಕಡೆಯಿಂದ. ಈ ಐತ, ಕುಶಲಾಳ ಅಜ್ಜಿಗೆ ಸೋದರಮಾವ. ಸಿಮೆಂಟಿನ ಹೆಸರು ಕೇಳದ ಕಾಲದಲ್ಲಿ, ಅಂಬಲಪಾಡಿಯಿಂದ ಪಡುವಣಕ್ಕೆ ಹರಿಯುವ ತೋಡಿಗೆ ಅಡ್ಡಲಾಗಿ ತೆಂಗಿನ ಗೂಟ ಊರಿ, ಸೊಪ್ಪು ತುಂಬಿ, ಮಣ್ಣು ಮೆತ್ತಿ ವರ್ಷಕ್ಕೊಂದು ಕಟ್ಟ ಕಟ್ಟಿಸುತ್ತಿದ್ದವನು ಅವನು. ಕಟ್ಟ ಇದ್ದರೆ ತೋಡಿನ ಸಿಹಿನೀರು ಸಮುದ್ರಕ್ಕೆ ಓಡುವುದಿಲ್ಲ, ಸಮುದ್ರದ ಉಪ್ಪುನೀರು ಭರತದ ಹೊತ್ತಿಗೆ ಬಾವಿಗಳ ಕಡೆ ಏರುವುದಿಲ್ಲ. ಒಂದು ವರ್ಷ ಕಟ್ಟ ನಡುವಿನಲ್ಲಿ ಬಿರಿದಾಗ ಐತ ತನ್ನ ಮನೆಯ ಬಾಗಿಲನ್ನೇ ಕಿತ್ತು ತಂದು ಅಡ್ಡ ಹಿಡಿದನಂತೆ. ಆ ಮಳೆಗಾಲದವರೆಗೆ ಅವನ ಮನೆಗೆ ಬಾಗಿಲಿರಲಿಲ್ಲ. ಕಳ್ಳರೂ ಬರಲಿಲ್ಲ ಎಂದು ಊರು ಹೇಳುತ್ತದೆ. ಕದಿಯಲು ಏನಿತ್ತು ಎಂದು ಕುಶಲಾ ಕೇಳುತ್ತಾಳೆ.

ಐತನ ಸೋದರಳಿಯ ತನಿಯ ಪೂಜಾರಿ. ಮಣ್ಣಿನ ಕಟ್ಟದ ಜಾಗದಲ್ಲಿ ಗಟ್ಟಿ ಕಿಂಡಿ ಅಣೆಕಟ್ಟು ಬೇಕೆಂದು ಅವನು ಮಂಗಳೂರಿನ ಕಚೇರಿಗೆ ಹನ್ನೊಂದು ಸಲ ಹೋದ. ಹನ್ನೆರಡನೆಯ ಸಲ ಹೋದಾಗ ಜವಾನನೇ ಕುರ್ಚಿ ಎಳೆದು ಕೊಟ್ಟನಂತೆ. ಕೊನೆಗೂ ಅಣೆಕಟ್ಟು ಎದ್ದಿತು. ಐದು ಕಿಂಡಿ, ಒಂದೊಂದು ಕಿಂಡಿಗೆ ಎರಡು ಸಾಲು ಹಲಗೆ, ಸಾಲಿಗೆ ಏಳರಂತೆ. ಎರಡು ಸಾಲಿನ ನಡುವೆ ಜೇಡಿಮಣ್ಣು ತುಂಬಿ ಮೆಟ್ಟಬೇಕು. ಮಳೆಗಾಲ ಮುಗಿದ ಮೇಲೆ ಹಲಗೆ ಇಳಿಸುವುದು, ಮತ್ತೆ ಮಳೆ ಹಿಡಿಯುವ ಮೊದಲು ಎತ್ತುವುದು.

ತನಿಯನ ತಂಗಿಯ ಮಗಳು ದಾರು ಪೂಜಾರ್ತಿ. ಉಳುವವನಿಗೇ ಭೂಮಿ ಎಂಬ ಭೂಮಸೂದೆ ಬಂದು ಬೈಲಿನ ಗದ್ದೆಗಳು ಹನ್ನೊಂದು ಪಾಲಾದಾಗ, ಹಲಗೆ ಎತ್ತುವ ಕೆಲಸ ಯಾರದ್ದೂ ಅಲ್ಲದ್ದಾಯಿತು. ದಾರು ಬೀಡಿ ಕಟ್ಟುವ ಮೊರ, ಅಂದರೆ ತಡ್ಪೆ, ಸೊಂಟಕ್ಕಿಟ್ಟುಕೊಂಡು ಮನೆ ಮನೆಗೆ ಹೋದಳು. ಅಂಗಳದಲ್ಲಿ ಕೂತು ಬೀಡಿ ಕಟ್ಟತೊಡಗಿದಳು. ಬಂದವರಿಗೆ ನೀರು ಬೆಲ್ಲ ಕೊಡುವುದು ಕ್ರಮವಷ್ಟೆ. ಅವಳು ನೀರು ಕುಡಿದಳು, ಬೆಲ್ಲ ಮುಟ್ಟಲಿಲ್ಲ. ಆ ಮನೆಯಿಂದ ಒಬ್ಬ ಎದ್ದು ತೋಡಿನ ಕಡೆ ಹೊರಟ ಮೇಲೆಯೇ ಬೆಲ್ಲ ಬಾಯಿಗೆ ಹಾಕುವುದು. ಬೆಲ್ಲ ಮುಟ್ಟದೆ ಕೂತ ಹೆಂಗಸನ್ನು ಅಂಗಳದಲ್ಲಿಟ್ಟುಕೊಂಡು ಯಾರಿಗೆ ಊಟ ಇಳಿಯುತ್ತದೆ? ಮನೆಗೊಂದು ಜನ ಎಂಬ ಪದ್ಧತಿ ಹಾಗೆ ಉಳಿಯಿತು.

ಈ ದಾರುವಿನ ಮಗಳು ಕುಶಲಾ. ವಯಸ್ಸು ಅರುವತ್ತೊಂದು. ತಡ್ಪೆ ತಾಯಿಯದ್ದೇ, ನಾಲಗೆ ಐತನದ್ದು ಎನ್ನುತ್ತಾರೆ. ಕಲಿತದ್ದು ನಾಲ್ಕನೆಯ ಕ್ಲಾಸು, ಆದರೆ ತೋಡಿನ ನೀರು ನೋಡಿ ಭರತ ಇಳಿತದ ಹೊತ್ತು ಹೇಳುತ್ತಾಳೆ.

ಬೈಲು ಈಗ ಬೈಲಲ್ಲ. ಪಂಚಾಯತಿನಿಂದ ನಗರಸಭೆಗೆ ಸೇರಿ ವಾರ್ಡ್ ಆಗಿದೆ. ಮೇಲಿನ ಬದಿಯಲ್ಲಿ ಮನೆಗಳು, ನಲುವತ್ತೆರಡು ಕುಟುಂಬಗಳ ಒಂದು ಫ್ಲಾಟು. ಕೆಳಗೆ, ಅಣೆಕಟ್ಟು ತಡೆದ ನೀರಿನ ಬದಿಯ ತಗ್ಗಿನಲ್ಲಿ, ಹಿಂದೆ ಗದ್ದೆಯ ನೀರು ನಿಲ್ಲುತ್ತಿದ್ದ ಜಾಗದಲ್ಲಿ, ಸಿಮೆಂಟು ಶೀಟಿನ ಹತ್ತು ಬಾಡಿಗೆ ಕೋಣೆಗಳು. ಗಂಗಾವತಿ ಕಡೆಯಿಂದ ಬಂದು ಮಣಿಪಾಲದ ಕಟ್ಟಡಗಳಿಗೆ ಸಾರಣೆ, ಸೆಂಟ್ರಿಂಗ್ ಕೆಲಸಕ್ಕೆ ಹೋಗುವವರು ಅಲ್ಲಿದ್ದಾರೆ. ಅವರಲ್ಲಿ ಹಿರಿಯಳು ರತ್ನವ್ವ. ಮೇಲಿನವರಿಗೆ ಹಲಗೆ ಆದಷ್ಟು ದಿನ ಇರಬೇಕು, ಇಲ್ಲದಿದ್ದರೆ ಬಾವಿ ಬತ್ತುತ್ತದೆ. ಕೆಳಗಿನವರಿಗೆ ಮಳೆಗೆ ಮೊದಲು ಎತ್ತಬೇಕು, ಇಲ್ಲದಿದ್ದರೆ ಮಂಚ ತೇಲುತ್ತದೆ. ನೀರು ಒಂದೇ, ಭಯ ಎರಡು.

ವಾರ್ಡ್ ಸಮಿತಿ ಎಂಬುದು ಆದದ್ದು ಎರಡು ವರ್ಷದ ಹಿಂದೆ. ಕೌನ್ಸಿಲರ್ ಭವ್ಯಶ್ರೀ ಇನ್ನೂ ಮೂವತ್ತು ದಾಟದ ಹುಡುಗಿ, ಆದರೆ ಎದುರಿನವರು ಮಾತು ಮುಗಿಸುವ ತನಕ ಬಾಯಿ ತೆರೆಯದ ಗುಣ ಅವಳದ್ದು. ಬರವಣಿಗೆಗೆ ಫ್ಲಾಟಿನ ಪ್ಯಾಟ್ರಿಕ್. ಬಹರೈನಿನಲ್ಲಿ ಇಪ್ಪತ್ತಾರು ವರ್ಷ ಸ್ಟೋರ್‌ಕೀಪರ್ ಆಗಿದ್ದವರು, ಬರೆಯದ ವಸ್ತು ಲೋಕದಲ್ಲಿ ಇಲ್ಲವೆಂದೇ ನಂಬಿದವರು. ಕೆಳಗಿನ ಕೋಣೆಗಳ ಪರವಾಗಿ ರತ್ನವ್ವ, ಹಲಗೆಯ ಪರವಾಗಿ ಕುಶಲಾ. ಒಟ್ಟು ಹದಿನಾಲ್ಕು ಜನ. ಒಬ್ಬರ ಮನೆಯಲ್ಲಿ ತುಳು, ಒಬ್ಬರದ್ದು ಕೊಂಕಣಿ, ಮತ್ತೊಬ್ಬರದ್ದು ಗಂಗಾವತಿಯ ಮಾತು. ಹಾಗಾಗಿ ಸಭೆ ಕನ್ನಡದಲ್ಲಿ, ಅಂಗನವಾಡಿಯ ಪುಟ್ಟ ಕುರ್ಚಿಗಳಲ್ಲಿ.

ತಪ್ಪು ನಡೆದದ್ದು ಜನವರಿಯ ಸಭೆಯಲ್ಲಿ. ಹಲಗೆ ಎತ್ತುವ ದಿನ ಯಾವುದೆಂದು ಬರೆದಿಡೋಣ ಎಂದರು ಪ್ಯಾಟ್ರಿಕ್.

"ಪತ್ತನಾಜೆಯ ಮುಂಚಿನ ದಿನ," ಎಂದಳು ಕುಶಲಾ. ಪತ್ತನಾಜೆ ಎಂದರೆ ತುಳುವರ ಬೇಶ ತಿಂಗಳ ಹತ್ತನೆಯ ದಿನ. ಇಂಗ್ಲಿಷ್ ಲೆಕ್ಕದಲ್ಲಿ ಮೇ ಇಪ್ಪತ್ತನಾಲ್ಕರ ಹೊತ್ತಿಗೆ ಬರುತ್ತದೆ. ಯಕ್ಷಗಾನದ ಮೇಳಗಳು ಗೆಜ್ಜೆ ಬಿಚ್ಚುವುದು, ಭೂತಗಳ ಕೋಲ ನೇಮ ನಿಲ್ಲುವುದು ಅಂದು, ಮಳೆ ಹಿಡಿಯುವುದು ಅದಾದ ಮೇಲೆ.

ರತ್ನವ್ವ ಕೇಳಿದಳು: "ಯಕ್ಕಾ, ಮಳಿ ಅದಕ್ಕಿಂತ ಮೊದ್ಲ ಬಂದ್ರ ಹ್ಯಾಂಗ್ರಿ? ನಮ್ಮ ಖೋಲಿ ತೋಡಿನ ಬಾಯಾಗ ಅದಾವು."

"ಮೊದಲು ಎಲ್ಲಿಂದ ಬರ್ತದೆ ಮಾರಾಯ್ತಿ? ನಿಮ್ಮ ಗಂಗಾವತಿಯ ಮಳೆಗೆ ದಿಕ್ಕಿಲ್ಲ, ದಿನ ಇಲ್ಲ. ನಮ್ಮ ಮಳೆಗೆ ಪತ್ತನಾಜೆ ಗೊತ್ತುಂಟು."

ಎಲ್ಲರೂ ನಕ್ಕರು. ರತ್ನವ್ವನೂ ನಕ್ಕಳು, ಸೆರಗಿನಲ್ಲಿ ಬಾಯಿ ಒರೆಸಿಕೊಂಡಳು.

"ಬರೆಯಲಾ ಕುಶಲಕ್ಕ? ಬರೆದ ಮೇಲೆ ಬದಲಿಸ್ಲಿಕ್ಕಿಲ್ಲ ಮತ್ತೆ," ಎಂದರು ಪ್ಯಾಟ್ರಿಕ್.

"ಬರೆಯಿರಿ ಸರ್. ನಮ್ಮ ಮನೆಯ ಮಾತು ಬದಲಾದದ್ದು ಉಂಟಾ?"

ಹಿಂದಿನ ವರ್ಷ ಯಾರೋ ಮೀನಿನ ಆಸೆಗೆ ಹಲಗೆ ಸರಿಸಿದ್ದರು. ಆದ್ದರಿಂದ, ಸಮಿತಿಯ ಒಪ್ಪಿಗೆ ಇಲ್ಲದೆ ಆ ದಿನಕ್ಕೆ ಮೊದಲು ಒಂದು ಹಲಗೆಯನ್ನೂ ಮುಟ್ಟಬಾರದೆಂದೂ ಬರೆದರು. ಕುಶಲಾ ಮೊದಲ ಸಹಿ ಹಾಕಿದಳು, ಉದ್ದಕ್ಕೆ, ಅಕ್ಷರ ಅಕ್ಷರ ಬಿಡಿಸಿ.

ಮೇ ಹದಿನಾರರ ಬೆಳಿಗ್ಗೆ ಅವಳು ತೋಡಿನ ಬದಿಗೆ ಹೋದಾಗ ಏಡಿಗಳು ಮಣ್ಣಿನ ಮಾಟೆಗಳಿಂದ ಹೊರಬಿದ್ದು ದಂಡೆಯ ಮೇಲಕ್ಕೆ ಹತ್ತುತ್ತಿದ್ದವು. ಪಡುವಣದಿಂದ ಸಮುದ್ರದ ಸದ್ದು ಬಿಡದೆ ಕೇಳುತ್ತಿತ್ತು, ದೊಡ್ಡ ಹಂಡೆಯೊಳಗೆ ಅಕ್ಕಿ ಕುದಿಯುವ ಹಾಗೆ. ಮೊಬೈಲಿನಲ್ಲೂ ವಾಯುಭಾರ ಕುಸಿತದ ಸುದ್ದಿ. ಮಳೆ ಪತ್ತನಾಜೆಯನ್ನು ಕಾಯುವುದಿಲ್ಲವೆಂದು ಅವಳಿಗೆ ಗೊತ್ತಾಯಿತು. ಪತ್ತನಾಜೆಗೆ ಇನ್ನೂ ಎಂಟು ದಿನ. ಅಣೆಕಟ್ಟಿನಲ್ಲಿ ಏಳೂ ಹಲಗೆಗಳ ಎತ್ತರಕ್ಕೆ ನೀರು. ಅದರ ಬದಿಯಲ್ಲೇ ಹತ್ತು ಕೋಣೆ.

ನೇರ ಪ್ಯಾಟ್ರಿಕ್ ಹತ್ತಿರ ಹೋದಳು.

"ಹಲಗೆ ಎತ್ತಬೇಕು ಸರ್. ಏಡಿ ದಂಡೆ ಹತ್ತಿದೆ. ಮಳೆ ಬರ್ತದೆ."

"ನಿಮ್ಮ ಮಳೆಗೆ ಪತ್ತನಾಜೆ ಗೊತ್ತುಂಟಲ್ಲ ಕುಶಲಕ್ಕ!" ಪ್ಯಾಟ್ರಿಕ್ ಪುಸ್ತಕ ತೆಗೆದು ತೋರಿಸಿದರು. "ಇದು ನಿಮ್ಮದೇ ಸಹಿ ಅಲ್ವಾ? ನಮ್ಮ ಬಾವಿಯಲ್ಲಿ ಮೂರು ಅಡಿ ನೀರುಂಟು. ನನ್ನ ಅತ್ತೆ ಮಲಗಿದಲ್ಲೇ, ದಿನಕ್ಕೆ ನಾಲ್ಕು ಸಲ ಬಟ್ಟೆ ಒಗೀಬೇಕು. ಈಗ ಎತ್ತಿ, ಮಳೆ ಬಾರದೆ, ಉಪ್ಪು ಏರಿದರೆ?"

ಆ ಮಾತಿನಲ್ಲಿ ಸುಳ್ಳಿರಲಿಲ್ಲ. ಅವಳು ಭವ್ಯಶ್ರೀಯ ಮನೆಗೆ ಹೋದಳು.

"ತುರ್ತು ಸಭೆ ಕರೆಯುತ್ತೇನೆ ಕುಶಲಕ್ಕ, ನಾಡಿದ್ದು ಸಂಜೆ," ಎಂದಳು ಭವ್ಯಶ್ರೀ. "ನಾನೊಬ್ಬಳೇ ಹೂಂ ಅಂದರೆ ನಾಳೆಯಿಂದ ಸಮಿತಿ ಯಾಕೆ ಅಂತ ಕೇಳ್ತಾರೆ. ಆದರೆ ಸಭೆಗೆ ಎಂಟು ಜನವಾದರೂ ಬರಬೇಕು. ಮದುವೆ, ಗೃಹಪ್ರವೇಶದ ಸಮಯ. ನೀವು ಕರೆದರೆ ಬಂದಾರು."

ಕರೆಯುವುದು ಸುಲಭ. ಆದರೆ ಹೇಗೆ ಕರೆಯುವುದು? ನಾನು ಹೇಳಿದ್ದು ತಪ್ಪು ಎನ್ನದೆ ಹಲಗೆಯ ಮಾತು ಎತ್ತುವ ಹಾಗಿಲ್ಲ. ಐತನ ಕಾಲದಿಂದ ಆ ಮನೆಯಲ್ಲಿ ಯಾರೂ ಹಾಗೆ ಹೇಳಿದವರಲ್ಲ. ಆ ಮಧ್ಯಾಹ್ನ ಕುಶಲಾ ಊಟ ಮಾಡಲಿಲ್ಲ. ಮೂರು ಗಂಟೆಗೆ ತಡ್ಪೆ ಸೊಂಟಕ್ಕೇರಿಸಿ ಹೊರಟಳು. ಮೊದಲು ಹೋದದ್ದು ಮೇಲಿನ ಮನೆಗಳಿಗಲ್ಲ, ರತ್ನವ್ವನ ಕೋಣೆಗೆ.

ರತ್ನವ್ವ ಕೆಲಸದಿಂದ ಬಂದು ಕೈಯ ಸಿಮೆಂಟು ತೊಳೆಯುತ್ತಿದ್ದಳು. ನೀರು ಕೊಟ್ಟಳು, ಬೆಲ್ಲದ ಚೂರು ಮುಂದಿಟ್ಟಳು. ನಾಲ್ಕು ವರ್ಷದಲ್ಲಿ ಊರಿನ ಕ್ರಮ ಕಲಿತಿದ್ದಳು.

"ನೀನು ಜನವರಿಯಲ್ಲಿ ಕೇಳಿದ್ದು ಸರಿ. ನಾನು ನಗಾಡಿದ್ದು ತಪ್ಪು," ಎಂದಳು ಕುಶಲಾ. ಬೆಲ್ಲ ಮುಟ್ಟಲಿಲ್ಲ.

ರತ್ನವ್ವ ಬೆಲ್ಲವನ್ನು ಇನ್ನಷ್ಟು ಹತ್ತಿರ ಸರಿಸಿದಳು. "ಅಷ್ಟ ಹೇಳಾಕ ಈ ಬಿಸಿಲಾಗ ಬಂದ್ಯಾ ಯಕ್ಕಾ? ಬೆಲ್ಲ ತಿನ್ನು, ನಾನೂ ಬರತೀನಿ. ಊರಿಗೆ ಬಂದಾಕಿ ನೀರಿಗೆ ಬರದ ಇರತಾಳೇನ?"

ಇಬ್ಬರೂ ಎರಡು ದಿನ ಸುತ್ತಿದರು. ಅಂಗಳವಿದ್ದಲ್ಲಿ ಅಂಗಳದಲ್ಲಿ, ಫ್ಲಾಟಿನಲ್ಲಿ ಅಂಗಳವಿಲ್ಲವಲ್ಲ, ಲಿಫ್ಟಿನ ಎದುರು ಕೂತು ಕುಶಲಾ ಬೀಡಿ ಕಟ್ಟಿದಳು. ವಾಚ್‌ಮನ್ ಏಳಿ ಎಂದ. "ನೀನು ಕೂತರೆ ನಾನು ಏಳ್ತೇನೆ, ಯಾರಾದರೂ ಒಬ್ಬರು ಇಲ್ಲಿ ಕೂತಿರಬೇಕು," ಎಂದಳು. ಬಾಗಿಲು ತೆರೆದವರಿಗೆಲ್ಲ ಒಂದೇ ಮಾತು: "ದಿನ ಹೇಳಿದ್ದು ನಾನು. ತಪ್ಪಿ ಹೇಳಿದೆ. ಸಭೆಗೆ ಬನ್ನಿ." ಕೆಲವರು ನಕ್ಕರು. ಒಬ್ಬಾಕೆ, "ಮೀನು ಹಿಡಿಯುವವರು ಏನಾದರೂ ಕೊಟ್ಟರಾ ಕುಶಲಕ್ಕ?" ಎಂದು ಚುಚ್ಚಿದಳು. ಕುಶಲಾ ನುಂಗಿಕೊಂಡಳು. ಅವಳು ನುಂಗಿಕೊಂಡದ್ದನ್ನು ಪಡುಬೈಲು ಕಂಡದ್ದು ಅದೇ ಮೊದಲು.

ಸಭೆಗೆ ಹನ್ನೊಂದು ಜನ ಬಂದರು. ಪ್ಯಾಟ್ರಿಕ್ ಬಾವಿಯ ಆಳ ಬರೆದ ಚೀಟಿ ತಂದಿದ್ದರು. ಏಳೂ ಹಲಗೆ ಎತ್ತಿದರೆ ಮರುದಿನವೇ ಉಪ್ಪು ಎಂದರು. ಎತ್ತದಿದ್ದರೆ ಹತ್ತು ಮನೆ ಮುಳುಗುತ್ತದೆ ಎಂದಳು ಕುಶಲಾ. ಹಗ್ಗದ ಎರಡು ಕೊನೆ ಇಬ್ಬರ ಕೈಯಲ್ಲಿ. ಅರ್ಧ ಗಂಟೆ ಎಳೆದಾಡಿದರು. ಆಗ ರತ್ನವ್ವ ಹಿಂದಿನ ಕುರ್ಚಿಯಿಂದ ಕೈ ಎತ್ತಿದಳು.

"ನಮ್ಮಪ್ಪ ಕಾಲುವಿಗೆ ನೀರ ಬಿಡೋ ಕೆಲಸದಾಗ ಇದ್ದ್ರಿ. ಅಂವ ತೂಬು ಯಾವತ್ತೂ ಪೂರಾ ಎತ್ತತಿದ್ದಿಲ್ಲ. ಅರ್ಧ ಎತ್ತಿ, ಕಂಬಕ್ಕ ಕೆಂಪು ಗೆರಿ ಹೊಡದು, ನೀರ ಆ ಗೆರಿ ಮುಟ್ಟಿದ್ರ ಉಳದದ್ದು ಎತ್ತತಿದ್ದ. ಮ್ಯಾಲಿನ ಮೂರು ಹಲಗಿ ಈಗ ತಗೀರಿ. ಕೆಳಗಿನ ನಾಕು ಇರಲಿ, ಉಪ್ಪು ತಡೀತಾವು. ಗೆರಿ ಕಾಯಾಕ ನಮ್ಮ ಖೋಲಿಯವ್ರು ಅದೀವಿ."

ಮೂರು ತಲೆಮಾರು ಹಲಗೆ ಇಳಿಸಿ ಎತ್ತಿದ ಮನೆಯವಳಿಗೆ ಹೊಳೆಯದ ಉಪಾಯ. ಕುಶಲಾ ಪ್ಯಾಟ್ರಿಕ್ ಕಡೆ ತಿರುಗಿ, "ಬರೆಯಿರಿ ಸರ್. ಈ ಸಲ ಮೊದಲ ಸಹಿ ಅವಳದ್ದು," ಎಂದಳು. ಪ್ಯಾಟ್ರಿಕ್ ಬರೆದರು. ಮತ್ತೆ ಪೆನ್ನಿನ ಟೋಪಿ ಹಾಕುತ್ತಾ, "ನಾಳೆ ಎಷ್ಟು ಗಂಟೆಗೆ ಬರಬೇಕು?" ಎಂದು ಕೇಳಿದರು.

ಬೆಳಿಗ್ಗೆ ಆರೂವರೆಗೆ ಹತ್ತೊಂಬತ್ತು ಜನ ಸೇರಿದರು. ರತ್ನವ್ವ ಅಣೆಕಟ್ಟಿನ ಕಂಬಕ್ಕೆ ಕೆಂಪು ಗೆರೆ ಎಳೆದಳು. ಮೂವತ್ತು ಹಲಗೆ ಎತ್ತಬೇಕು. ಆರು ತಿಂಗಳು ನೀರು ಕುಡಿದ ಹಲಗೆ ಹಾಗೇ ಎಳೆದರೆ ಬರುವುದಿಲ್ಲ. ನಡುವಿನ ಜೇಡಿಮಣ್ಣು ತೆಗೆದು, ಒಂದು ಕೊನೆಗೆ ಕೊಕ್ಕೆ ಹಾಕಿ ಅಲುಗಿಸಿ, ಮತ್ತೆ ಇನ್ನೊಂದು ಕೊನೆ ಅಲುಗಿಸಿ, ಹಠದ ಎಮ್ಮೆಯನ್ನು ಕೊಟ್ಟಿಗೆಯಿಂದ ಹೊರಡಿಸಿದ ಹಾಗೆ ಹೊರಡಿಸಬೇಕು. ಪ್ಯಾಟ್ರಿಕ್ ಹಾರೆ ತಂದು ಮೊದಲ ಹಲಗೆಯ ಅಂಚನ್ನೇ ಸೀಳಿಬಿಟ್ಟರು.

"ಇದು ಬಹರೈನಿನ ಪೆಟ್ಟಿಗೆ ಅಲ್ಲ ಸರ್, ಒಡೆದು ತೆಗೀಲಿಕ್ಕೆ!" ಎಂದು ಕುಶಲಾ ತಾನೇ ನೀರಿಗಿಳಿದಳು. ಒಂದೊಂದೇ ಕಿಂಡಿಯಲ್ಲಿ ತೋರಿಸಿಕೊಟ್ಟಳು. ಕೊನೆಯ ಕಿಂಡಿಯಲ್ಲಿ ಪಾಚಿಯ ಮೇಲೆ ಕಾಲು ಜಾರಿ ಮೊಣಕಾಲಿನ ಗಂಟು ತಿರುಗಿತು. ನೋವು ಹೇಳದೆ ಹಲಗೆ ಎತ್ತಿ ಮುಗಿಸಿದಳು. ದಂಡೆ ಹತ್ತಲು ಹೋದಾಗಲೇ ಉಳಿದವರಿಗೆ ಗೊತ್ತಾದದ್ದು.

ಮರುದಿನ ಬಿಸಿಲು. ಅದರ ಮರುದಿನ ಇನ್ನೂ ಬಿಸಿಲು. ಬಾವಿಯ ನೀರು ಒಂದು ಗೇಣು ಇಳಿಯಿತು, ಫ್ಲಾಟಿನ ವಾಟ್ಸಾಪಿನಲ್ಲಿ ಕುಶಲಕ್ಕನ ಏಡಿಗಳ ಬಗ್ಗೆ ತಮಾಷೆ ಹರಿದಾಡಿತು. ಮೂರನೆಯ ದಿನ ಮಧ್ಯಾಹ್ನ ಪಡುವಣ ಕಪ್ಪಾಯಿತು. ಸುರಿದ ಮಳೆಗೆ ಹೈವೇ ಕಾಣಿಸಲಿಲ್ಲ. ಸಂಜೆ ಐದಕ್ಕೆ ನೀರು ಕೆಂಪು ಗೆರೆ ಮುಟ್ಟಿತು. ಕಾಯುತ್ತಿದ್ದ ಕೋಣೆಯವರು ಕೂಗು ಹಾಕಿದರು. ಮೇಲಿನಿಂದ ಓಡಿ ಬಂದವರಲ್ಲಿ ಪ್ಯಾಟ್ರಿಕ್ ಕೂಡ ಇದ್ದರು, ಈ ಸಲ ಹಾರೆ ಇಲ್ಲದೆ, ಕೊಕ್ಕೆ ಹಿಡಿದು. ಕೆಳಗೆ ಉಳಿದಿದ್ದ ನಾಲ್ಕು ನಾಲ್ಕು ಹಲಗೆಗಳೂ ಎದ್ದವು. ತೋಡು ಬೊಬ್ಬೆ ಹಾಕುತ್ತಾ ಸಮುದ್ರದ ಕಡೆ ಓಡಿತು. ನೀರು ರತ್ನವ್ವನ ಹೊಸಿಲಿನ ತನಕ ಬಂತು, ಹೊಸಿಲು ದಾಟಲಿಲ್ಲ. ಕುಶಲಾಳಿಗೆ ಮಾತ್ರ ಬರಲಾಗಲಿಲ್ಲ. ಮನೆಯ ಕಿಟಕಿಯಲ್ಲಿ ಕೂತು ಸದ್ದು ಕೇಳಿಯೇ ಎಷ್ಟು ಹಲಗೆ ಎದ್ದವೆಂದು ಎಣಿಸಿದಳಂತೆ.

ಜೂನ್ ಮೊದಲ ವಾರ ಭವ್ಯಶ್ರೀ, ಪ್ಯಾಟ್ರಿಕ್, ರತ್ನವ್ವ ಮೂವರೂ ಅವಳ ಮನೆಗೆ ಹೋದರು. ಕಾಲು ನೀಡಿ ಕೂತು ಬೀಡಿ ಕಟ್ಟುತ್ತಿದ್ದವಳು ಕೂತಲ್ಲಿಂದಲೇ ನೀರು ಬೆಲ್ಲ ಮುಂದೆ ಸರಿಸಿದಳು. ಸಮಿತಿ ಠರಾವು ಮಾಡಿತ್ತು. ಮಣಿಪಾಲದ ಆಸ್ಪತ್ರೆಗೆ ಕರೆದೊಯ್ಯಲು ಪ್ಯಾಟ್ರಿಕ್‌ರ ಕಾರು. ಮುಂದಿನ ವರ್ಷದಿಂದ ಹಲಗೆಯ ಕೆಲಸಕ್ಕೆ ಅವಳ ಸಹಾಯಕ್ಕೆಂದು ಸಂಬಳದ ಇಬ್ಬರು ಆಳುಗಳು. ಅವಳು ದಂಡೆಯ ಮೇಲೆ ಕುರ್ಚಿಯಲ್ಲಿ ಕೂತು ಹೇಳಿದರೆ ಸಾಕು. ಭವ್ಯಶ್ರೀ ಓದಿ ಮುಗಿಸಿದಳು. ಪ್ಯಾಟ್ರಿಕ್ ಬೆಲ್ಲ ಕೈಯಲ್ಲಿ ಹಿಡಿದು ಕಾದರು.

ಕುಶಲಾ ಕಟ್ಟುತ್ತಿದ್ದ ಬೀಡಿಗೆ ನೂಲು ಸುತ್ತಿ ಮುಗಿಸಿ ಹೇಳಿದಳು:

"ಕಾರು ಬೇಡ ಸರ್, ಸಿಟಿ ಬಸ್ಸು ಮನೆಯ ಎದುರೇ ನಿಲ್ತದೆ. ಆಳುಗಳೂ ಬೇಡ. ಸಂಬಳದವರು ಹಲಗೆ ಎತ್ತುವುದಾದರೆ, ನೀವೆಲ್ಲ ಮಳೆ ಬಂದಾಗ ಕಿಟಕಿ ಹಾಕಿ ಕೂರ್ತೀರಿ, ನೀರು ಯಾರ ಮನೆಗೆ ಹೋಯಿತೆಂದು ನೋಡ್ಲಿಕ್ಕೂ ಏಳುವುದಿಲ್ಲ. ನನ್ನ ಸಹಾಯಕ್ಕೆ ಅಂತ ಯಾರೂ ಬರಬೇಡಿ. ಮನೆಗೊಂದು ಜನ ಬರಲಿ, ಅವರವರ ಪಾಲಿನ ಕೆಲಸಕ್ಕೆ. ಬಾರದಿದ್ದರೆ ತಡ್ಪೆ ಹಿಡಿದು ನಾನೇ ಬರ್ತೇನೆ, ಕುಂಟಿಕೊಂಡಾದರೂ. ಮತ್ತೆ ಆ ಸೀಳಿದ ಹಲಗೆ ಉಂಟಲ್ಲ, ಅದನ್ನು ನೀವೇ ಹೊಸತು ಮಾಡಿಸಿ ಕೊಡ್ಬೇಕು, ಅದು ಸಹಾಯ ಅಲ್ಲ, ಅದು ನೀವು ಒಡೆದದ್ದು. ಈಗ ಬೆಲ್ಲ ತಿನ್ನಿ, ಇರುವೆ ಬರ್ತದೆ."