ಇಪ್ಪತ್ತೇಳನೇ ಪುಟದ ಗುರುತು

ಈಗಲೂ ಗ್ರಂಥಾಲಯದಲ್ಲಿ ಹೊಸ ಪುಸ್ತಕ ಕೈಗೆ ಬಂದರೆ ನಾನು ಅದನ್ನು ಮೊದಲ ಪುಟದಿಂದ ತೆರೆಯುವುದಿಲ್ಲ. ಇಪ್ಪತ್ತೇಳನೇ ಪುಟ ತೆರೆದು, ಮೇಲಿನ ಎಡಮೂಲೆ ನೋಡಿ, ಅಲ್ಲಿ ಏನೂ ಇಲ್ಲವೆಂದು ಖಾತ್ರಿಯಾದ ಮೇಲೆಯೇ ಲೇಖಕರ ಹೆಸರು ಓದುತ್ತೇನೆ. ಹೆಂಡತಿ ನಗುತ್ತಾಳೆ. ನಗಬೇಕಾದದ್ದೇ. ಧಾರವಾಡದಲ್ಲಿ ತರ್ಕಶಾಸ್ತ್ರ ಓದಿ ಬಂದು, ದೆವ್ವ, ಶಕುನ ಎಂದವರ ಜೊತೆ ಬಸ್ಸಿನಲ್ಲೂ ವಾದಕ್ಕೆ ಬೀಳುತ್ತಿದ್ದವನು ನಾನು. ಯಾರಾದರೂ ತಮಗಾದ ವಿಚಿತ್ರ ಅನುಭವ ಹೇಳತೊಡಗಿದರೆ, ಆವತ್ತು ಜ್ವರ ಇತ್ತೇ, ಊಟ ಬಿಟ್ಟಿದ್ದಿರೇ ಎಂದು ಕೇಳುತ್ತಿದ್ದೆ. ಅವೇ ಎರಡು ಪ್ರಶ್ನೆಗಳನ್ನು ನನಗೇ ಕೇಳಿಕೊಂಡಿದ್ದೇನೆ. ಜ್ವರ ಇರಲಿಲ್ಲ. ಊಟ ಮಾತ್ರ ಆಗಿರಲಿಲ್ಲ.

ಎಂಬತ್ತರ ದಶಕದ ಕೊನೆ. ಚಿಕ್ಕೋಡಿಯ ಒಂದು ಕಾಲೇಜಿನಲ್ಲಿ ಅರೆಕಾಲಿಕ ಉಪನ್ಯಾಸಕನಾಗಿದ್ದೆ. ಪಾಠ ಕಡಿಮೆ, ಹೊತ್ತು ಬಹಳ. ಆ ಹೊತ್ತನ್ನೆಲ್ಲ ಕೋರ್ಟಿನ ಹಿಂದಿನ ಓಣಿಯ ವಾಚನಾಲಯದಲ್ಲಿ ಕಳೆಯುತ್ತಿದ್ದೆ. ಹೊರಗಿನ ಕೋಣೆಯಲ್ಲಿ ಒಂದು ಗೋಡೆಗೆ ಕನ್ನಡ ಪುಸ್ತಕ, ಎದುರು ಗೋಡೆಗೆ ಮರಾಠಿ. ಒಳಕೋಣೆಯಲ್ಲಿ ಹಳೆಯ ಪತ್ರಿಕೆಗಳ ಗಂಟು ಮತ್ತು ಇನ್ನೂ ನಂಬರು ಬೀಳದ ಹೊಸ ಪುಸ್ತಕಗಳು. ಇದನ್ನೆಲ್ಲ ನೋಡಿಕೊಳ್ಳುತ್ತಿದ್ದವರು ಅಪ್ಪಾಸಾಬ ಕಾಕಾ. ಪುಸ್ತಕ ಓದಿದವರಲ್ಲ, ಆದರೆ ಯಾರು ಏನು ಓದುತ್ತಾರೆಂದು ಅವರಷ್ಟು ಬಲ್ಲವರು ಇರಲಿಲ್ಲ.

ಅಲ್ಲಿಯ ಓದುಗರಲ್ಲಿ ಒಂದು ರೂಢಿ ಇತ್ತು. ವಾರಕ್ಕೆ ಎರಡು ಮೂರು ಕಾದಂಬರಿ ಒಯ್ಯುವವರಿಗೆ ಯಾವುದನ್ನು ಓದಿದ್ದೇವೆಂಬುದೇ ನೆನಪಿರುತ್ತಿರಲಿಲ್ಲ. ಅದಕ್ಕೆ ಒಬ್ಬೊಬ್ಬರೂ ತಮಗೊಂದು ಪುಟ, ತಮಗೊಂದು ಗುರುತು ಇಟ್ಟುಕೊಂಡಿದ್ದರು. ಓದಿ ಮುಗಿದ ಮೇಲೆ ಆ ಪುಟದ ಮೂಲೆಯಲ್ಲಿ ಪೆನ್ಸಿಲ್ಲಿನಿಂದ ಆ ಗುರುತು ಹಾಕಿ ಪುಸ್ತಕ ಮರಳಿಸುತ್ತಿದ್ದರು. ನಿವೃತ್ತ ಹವಾಲ್ದಾರರೊಬ್ಬರದು ಹತ್ತನೇ ಪುಟದಲ್ಲಿ ಕೂಡಿಸುವ ಚಿಹ್ನೆ. ನಲವತ್ತನೇ ಪುಟದಲ್ಲಿ ಯಾರೋ ಒಬ್ಬರು ತುಳಸಿ ಎಲೆ ಬಿಡಿಸುತ್ತಿದ್ದರು. ಹೆಣ್ಣುಮಗಳೇ ಇರಬೇಕೆಂದು ನನ್ನ ಊಹೆ. ಬೇಸರವಾಗಿ ನಡುವೆ ಬಿಟ್ಟ ಪುಸ್ತಕಕ್ಕೆ ಆಕೆ ಅರ್ಧ ಎಲೆ ಮಾತ್ರ ಬಿಡಿಸುತ್ತಿದ್ದಳು. ಹೆಸರೇ ಕೇಳದ ಲೇಖಕರ ಪುಸ್ತಕದಲ್ಲಿ ಪೂರ್ತಿ ಎಲೆ ಕಂಡರೆ ನಾನು ಹಿಂದೆಮುಂದೆ ನೋಡದೆ ಒಯ್ಯುತ್ತಿದ್ದೆ. ಒಮ್ಮೆಯೂ ಮೋಸವಾಗಲಿಲ್ಲ. ವಿಶ್ವವಿದ್ಯಾಲಯದಲ್ಲಿ ಯಾರೂ ಹೇಳದ ಎಷ್ಟೋ ಲೇಖಕರನ್ನು ಆ ಕಾಣದ ಓದುಗಾರ್ತಿ ನನಗೆ ಪರಿಚಯಿಸಿದಳು. ನನ್ನ ಗುರುತು ಇಪ್ಪತ್ತೇಳನೇ ಪುಟದ ಮೇಲಿನ ಎಡಮೂಲೆಯಲ್ಲಿ, ಪುಸ್ತಕದ ಹೊಲಿಗೆಗೆ ಹತ್ತಿಕೊಂಡು: ಒಂದು ಸಣ್ಣ ಸೊನ್ನೆ, ಕೆಳಗೆ ಎರಡು ಗೆರೆ.

ಆ ವರ್ಷ ಕಬ್ಬಿನ ಹಂಗಾಮಿನಲ್ಲಿ ಒಂದು ಸಂಜೆ ರಾಯಬಾಗ ರಸ್ತೆಯಲ್ಲಿ ಸೈಕಲ್ ಮೇಲೆ ಬರುತ್ತಿದ್ದೆ. ಅಚ್ಚು ಮುರಿದ ಕಬ್ಬಿನ ಟ್ರಾಲಿಯೊಂದು ರಸ್ತೆಯಲ್ಲೇ ನಿಂತಿತ್ತು. ಹಾಗೆ ಕೆಟ್ಟು ನಿಂತರೆ ಹಿಂದೆ ಒಂದಷ್ಟು ದೂರದಲ್ಲಿ ಬೇವಿನ ಟೊಂಗೆ ಹಾಕಿ ಅದರ ಮೇಲೆ ಕಲ್ಲು ಇಡುವುದು ನಮ್ಮ ಕಡೆಯ ಚಾಲಕರ ಪದ್ಧತಿ. ಬರುವವರಿಗೆ ಅದೇ ಎಚ್ಚರಿಕೆ. ನಾನು ದಾಟಿ ಹೋದ ಸ್ವಲ್ಪ ಹೊತ್ತಿಗೆ ಮೋಟಾರ್ ಸೈಕಲ್ಲಿನ ಮೇಲೆ ಬಂದ ಯುವಕನೊಬ್ಬ ಟ್ರಾಲಿಗೆ ಹಿಂದಿನಿಂದ ಬಡಿದು ಅಲ್ಲೇ ತೀರಿಕೊಂಡ. ಟೊಂಗೆ ಇಟ್ಟಿದ್ದೆ, ಜನ ಸೇರಿದಾಗ ಯಾರೋ ಎಳೆದು ಒಗೆದರು ಎಂದ ಚಾಲಕ ರಾಜೇಸಾಬ. ಟೊಂಗೆ ಇರಲಿಲ್ಲ ಎಂದು ಪೊಲೀಸರಿಗೆ ಹೇಳಿದವನು ನಾನೊಬ್ಬನೇ. ನನಗೆ ಎಳ್ಳಷ್ಟೂ ಸಂಶಯ ಇರಲಿಲ್ಲ. ಕಣ್ಣು ಮುಚ್ಚಿದರೆ ಬರಿಯ ಡಾಂಬರು ಕಾಣುತ್ತಿತ್ತು.

ಹೀಗೆ ರಾಜೇಸಾಬ ಜೈಲಿಗೆ ಹೋಗುವುದೂ ಮನೆಗೆ ಹೋಗುವುದೂ ನನ್ನ ಒಂದು ಮಾತಿನ ಮೇಲೆ ಬಂದು ನಿಂತಿತು. ಸಾಕ್ಷಿ ಹೇಳುವ ದಿನ ಬೆಳಿಗ್ಗೆ ಕೋರ್ಟಿನ ಕಟ್ಟೆಯ ಮೇಲೆ ತೀರಿಕೊಂಡ ಯುವಕನ ತಂದೆ ಬಾಳಪ್ಪ ಕುಳಿತಿದ್ದರು. ನನ್ನನ್ನು ಕಂಡು ಎದ್ದು ನಿಂತರು. "ಮಾಸ್ತರ, ನೀವು ಕಂಡದ್ದಷ್ಟ ಹೇಳ್ರಿ. ಹೆಚ್ಚಿಂದು ಏನೂ ಬ್ಯಾಡ," ಎಂದರು. ಆಚೆ ಬೇವಿನ ಮರದ ಕೆಳಗೆ ರಾಜೇಸಾಬ ಬೀಡಿ ಹಚ್ಚದೆ ಕೈಯಲ್ಲೇ ಹಿಡಿದು ನಿಂತಿದ್ದ.

ನಮ್ಮ ಪ್ರಕರಣ ಮಧ್ಯಾಹ್ನದ ಮೇಲೆ ಎಂದರು. ನಾನು ವಾಚನಾಲಯಕ್ಕೆ ಹೋದೆ. "ಸೋಮವಾರ ಹೊಸ ಗಂಟ ಬಂದೈತ್ರಿ, ಇನ್ನೂ ಯಾರೂ ಮುಟ್ಟಿಲ್ಲ. ನಂಬರ ಹಾಕೂದ್ರಾಗ ನೋಡಿಬಿಡ್ರಿ," ಎಂದು ಅಪ್ಪಾಸಾಬ ಕಾಕಾ ನನ್ನನ್ನು ಒಳಕೋಣೆಗೆ ಬಿಟ್ಟರು. ಪುಸ್ತಕ ನೋಡುತ್ತ ಮೈಮರೆತೆ. ಹೊರಗೆ ಚಿಲಕದ ಸಪ್ಪಳ ಕೇಳಿದಾಗಲೂ ಅದು ಏನೆಂದು ಹೊಳೆಯಲಿಲ್ಲ. ಹೊಳೆಯುವಷ್ಟರಲ್ಲಿ ಅವರು ಒಳಕೋಣೆಗೂ ಹೊರಬಾಗಿಲಿಗೂ ಬೀಗ ಹಾಕಿ ಊಟಕ್ಕೆ ಹೋಗಿಯಾಗಿತ್ತು. ಮತ್ತೆ ಬಾಗಿಲು ತೆರೆಯುವುದು ನಾಲ್ಕಕ್ಕೆ.

ಒಳಕೋಣೆಗೆ ಒಂದೇ ಕಿಟಕಿ. ಕಬ್ಬಿಣದ ಸರಳು, ಅದರ ಮೇಲೆ ಜಾಳಿಗೆ. ಆಚೆ ಕೋರ್ಟಿನ ಹಿಂಗೋಡೆ. ಕೂಗಿದೆ. ಗೋಡೆಯಾಚೆಯ ಟೈಪ್‌ರೈಟರುಗಳ ಟಕಟಕದಲ್ಲಿ ನನ್ನ ಕೂಗು ಎಲ್ಲಿಯೂ ಮುಟ್ಟಲಿಲ್ಲ. ಆದರೆ ಆ ಕಡೆಯ ಧ್ವನಿ ನನಗೆ ಕೇಳುತ್ತಿತ್ತು. ಕೋರ್ಟಿನ ಜವಾನ ಬೇರೆ ಬೇರೆ ಪ್ರಕರಣದವರ ಹೆಸರನ್ನು ಮೂರು ಮೂರು ಸಲ ಕೂಗುತ್ತಿದ್ದ. ಪ್ರತಿ ಹೆಸರಿಗೂ ನನ್ನದೇ ಬಂತೇನೋ ಎಂದು ಕಿಟಕಿಗೆ ಕಿವಿ ಹಚ್ಚುತ್ತಿದ್ದೆ. ಬಾಗಿಲಿಗೆ ಒದ್ದು ನೋಡಿದೆ. ಕೊನೆಗೆ ಬೇರೇನೂ ತೋಚದೆ ಪತ್ರಿಕೆಗಳ ಗಂಟಿನ ಮೇಲೆ ಕುಳಿತು ಒಂದು ಪುಸ್ತಕ ತೆಗೆದುಕೊಂಡೆ.

ನಾನು ಹೆಸರು ಕೇಳದ ಲೇಖಕಿಯದು. ಮೊದಲ ಕಥೆ ಓದತೊಡಗಿದೆ. ಚೆನ್ನಾಗಿತ್ತು, ಆ ಸ್ಥಿತಿಯಲ್ಲೂ ಚೆನ್ನಾಗಿತ್ತು. ಇಪ್ಪತ್ತೈದನೇ ಪುಟ ಮುಗಿಸಿ ಮಗುಚಲು ಹೋದರೆ ಹಾಳೆ ಬಿಡಿಸಿಕೊಳ್ಳಲಿಲ್ಲ. ಅಚ್ಚಿನ ಮನೆಯಲ್ಲಿ ಅಂಚು ಕತ್ತರಿಸುವಾಗ ತಪ್ಪಿದ್ದು. ಆ ಹಾಳೆಯೂ ಮುಂದಿನ ಹಾಳೆಯೂ ಮೇಲೂ ಬದಿಗೂ ಒಂದಕ್ಕೊಂದು ಕೂಡಿಯೇ ಇದ್ದವು. ಒಳಗಿನ ಎರಡು ಪುಟ, ಇಪ್ಪತ್ತಾರು ಮತ್ತು ಇಪ್ಪತ್ತೇಳು, ಲಕೋಟೆಯೊಳಗಿದ್ದಂತೆ ಇದ್ದವು. ಕೆಳಗೆ ಮಾತ್ರ ತೆರೆದಿತ್ತು. ಮೂಲೆಯಲ್ಲಿದ್ದ, ಗೆರೆ ಎಳೆಯುವ ಕಬ್ಬಿಣದ ಫೂಟಪಟ್ಟಿ ತಂದು ಹುಷಾರಾಗಿ ಸೀಳಿದೆ.

ಇಪ್ಪತ್ತೇಳನೇ ಪುಟದ ಮೇಲಿನ ಎಡಮೂಲೆಯಲ್ಲಿ, ಹೊಲಿಗೆಗೆ ಹತ್ತಿಕೊಂಡು, ಒಂದು ಸಣ್ಣ ಸೊನ್ನೆ ಇತ್ತು. ಕೆಳಗೆ ಎರಡು ಗೆರೆ.

ಮೊದಲು ತರ್ಕಕ್ಕೆ ಕೈಹಾಕಿದೆ. ಕೆಳಗಿನ ತೆರಪಿನಿಂದ ಪೆನ್ಸಿಲ್ ತೂರಿಸಿ ಅಷ್ಟು ಮೇಲೆ, ಅಷ್ಟು ಒಳಗೆ, ದುಂಡಗೆ ಬರೆಯಲು ಯಾರಿಗೂ ಆಗದು. ಉಳಿದದ್ದು ಒಂದೇ: ಸೀಳಿದ ಮೇಲೆ ನಾನೇ ಬರೆದಿರಬೇಕು. ಕೈ ಅಂಗಿಯ ಕಿಸೆಗೆ ಹೋಯಿತು. ಪೆನ್ಸಿಲ್ ಅಲ್ಲೇ ಇತ್ತು. ಗಾಬರಿಯಲ್ಲಿ, ರೂಢಿಯ ಕೈ ತಾನೇ ಬರೆದು ಪೆನ್ಸಿಲ್ಲನ್ನು ಮತ್ತೆ ಕಿಸೆಗೆ ಹಾಕಿರಬೇಕು. ಸರಿ. ಆದರೆ ಓದಿ ಮುಗಿಸದ ಪುಸ್ತಕಕ್ಕೆ ನಾನು ಎಂದೂ ಗುರುತು ಹಾಕಿದವನಲ್ಲ. ಬರೆದದ್ದು ನನಗೆ ಒಂದಿಷ್ಟೂ ನೆನಪಿಲ್ಲ. ಅರ್ಧ ನಿಮಿಷದ ಹಿಂದಿನ ಮಾತು!

ಆಗ ಮೊದಲ ಸಲ, ಬೀಗ ಹಾಕಿದ ಆ ಕೋಣೆಗಿಂತ ಇಕ್ಕಟ್ಟಾದ ಜಾಗದಲ್ಲಿ ಸಿಕ್ಕಿಕೊಂಡಿದ್ದೇನೆ ಎನಿಸಿತು. ಗುರುತು ನಾನು ಹಾಕಿದ್ದಲ್ಲವಾದರೆ, ನಾನು ಓದಿ ನಂಬಿದ್ದೆಲ್ಲ ತಪ್ಪು. ನಾನೇ ಹಾಕಿದ್ದಾದರೆ, ನನ್ನ ಕೈ ಈಗ ತಾನೇ ಮಾಡಿದ್ದನ್ನು ಅಳಿಸಿಹಾಕುವ ಈ ತಲೆ, ತಿಂಗಳುಗಳ ಹಿಂದೆ ಓಡುವ ಸೈಕಲ್ ಮೇಲಿಂದ ಕಂಡದ್ದನ್ನು ಹೇಗೆ ಉಳಿಸಿಕೊಂಡಿದ್ದೀತು? ಕಣ್ಣು ಮುಚ್ಚಿ ರಾಯಬಾಗ ರಸ್ತೆ ನೆನೆಸಿಕೊಂಡೆ. ಬರಿಯ ಡಾಂಬರು ಕಂಡಿತು. ಮತ್ತೊಮ್ಮೆ ನೆನೆಸಿಕೊಂಡೆ. ಟೊಂಗೆ ಇತ್ತು. ಹಸಿರು ಎಲೆ, ಮೇಲೊಂದು ಕಲ್ಲು. ಎರಡೂ ಒಂದೇ ಸಮ ಸ್ಪಷ್ಟ. ಅದೇ ಹೊತ್ತಿಗೆ ಗೋಡೆಯಾಚೆ ಜವಾನ ರಾಜೇಸಾಬನ ಹೆಸರು ಕೂಗಿದ.

ಬಾಗಿಲು ತೆರೆಯಿತು. "ಅಯ್ಯ ಶಿವನ! ಉಂಡು ಅಡ್ಡಾಗಿದ್ನಿರಿ, ಧಿಗ್ಗನ ನೆನಪಾತು, ಮಾಸ್ತರನ್ನ ಒಳಗ ಹಾಕಿ ಬಂದೀನಿ ಅಂತ. ಇವತ್ತ ನಿಮ್ಮದ ಸಾಕ್ಷಿ ಅಲ್ರಿ? ಓಡ್ರಿ, ಓಡ್ರಿ!" ಎಂದರು ಕಾಕಾ. ಧೋತರದ ಚುಂಗು ನೆಲಕ್ಕೆ ಬಿದ್ದದ್ದೂ ಅವರಿಗೆ ಗೊತ್ತಿರಲಿಲ್ಲ.

ಓಡಿದೆ. ಕಟಕಟೆಯಲ್ಲಿ ನಿಂತಾಗ ಸರ್ಕಾರಿ ವಕೀಲರು ಸಲೀಸಾಗಿ ಕೇಳಿದರು, ಟ್ರಾಲಿಯ ಹಿಂದೆ ಟೊಂಗೆ ಇತ್ತೇ ಎಂದು. ಇರಲಿಲ್ಲ ಎಂದು ಹಿಂದೆ ಹೇಳಿದ್ದೇನೆ, ಈಗ ಖಾತ್ರಿಯಾಗಿ ಹೇಳಲಾರೆ ಎಂದೆ. ವಕೀಲರು ತಿರುಗಿಸಿ ತಿರುಗಿಸಿ ಕೇಳಿದರು. ಅಷ್ಟನ್ನೇ ಹೇಳಿದೆ. ಕೆಲವು ದಿನಗಳ ಮೇಲೆ ರಾಜೇಸಾಬ ಬಿಡುಗಡೆಯಾದ.

ಮರುದಿನವೇ ಆ ಪುಸ್ತಕ ನೋಡಲು ಹೋಗಿದ್ದೆ. ಗುರುತು ಇತ್ತು. ಕಾಕಾ ಅವರಿಗೆ ತೋರಿಸಿದೆ. ಅವರು ಕನ್ನಡಕ ಏರಿಸಿ ನೋಡಿ ನಕ್ಕರು. "ಇದು ನಿಮ್ಮದ ಅಲ್ರೀ? ಎಲ್ಲಾರ ಗುರುತೂ ನನಗ ಗೊತ್ತೈತಿ, ಸುಮ್ಮಿರತೀನಷ್ಟ. ಓದೂಕಿಂತ ಮೊದಲ ಹಾಕಿದ್ರೇನು? ಕಲತವರ ಹಿಂಗ ಮಾಡಿದ್ರ ಹೆಂಗ್ರಿ!" ಎಂದರು. ಗಂಟು ಬಿಚ್ಚಿದ ಮೇಲೆ ಅದನ್ನು ಮೊದಲು ಮುಟ್ಟಿದವನು ನಾನೇ ಎಂದೂ ಹೇಳಿದರು. ಪುಸ್ತಕ ಮನೆಗೆ ಒಯ್ದು ಓದಿ ಮುಗಿಸಿದೆ. ಆ ಲೇಖಕಿಯ ಉಳಿದೆಲ್ಲ ಪುಸ್ತಕಗಳನ್ನೂ ಹುಡುಕಿ ಓದಿದೆ. ಅವು ಯಾವುದರಲ್ಲಿಯೂ ಗುರುತು ಹಾಕಲು ಕೈ ಬರಲಿಲ್ಲ. ಕಾಗದ ಮಡಿಸಿ, ಕೆಳಗಿನಿಂದ ಪೆನ್ಸಿಲ್ ತೂರಿಸಿ ಸೊನ್ನೆ ಬರೆಯಲು ಎಷ್ಟೋ ಸಲ ಪ್ರಯತ್ನಿಸಿದ್ದೇನೆ. ಒಮ್ಮೆಯೂ ದುಂಡಗೆ ಬಂದಿಲ್ಲ.

ಇಂದು ಇದನ್ನು ಬರೆಯುವಾಗಲೂ ಸೀಳಿದ ಹಾಳೆ ಕಣ್ಣೆದುರಿಗಿದೆ. ಆದರೆ ಅದೂ ನೆನಪೇ ತಾನೇ. ಓದುಗರು ಅದನ್ನು ಎಷ್ಟು ನಂಬಬೇಕೆಂದು ನಾನು ಹೇಳಲಾರೆ. ಒಂದು ಮಾತು ಮಾತ್ರ ಹೇಳಿದವರ ಧ್ವನಿಯ ಸಮೇತ ಉಳಿದಿದೆ. ಸಾಕ್ಷಿ ಹೇಳಿ ಇಳಿದು ಬಂದಾಗ ಬಾಳಪ್ಪ ಮೆಟ್ಟಿಲ ಬಳಿ ನಿಂತಿದ್ದರು. ಸಿಟ್ಟಾಗಲಿಲ್ಲ, ಅಳಲಿಲ್ಲ. ನನ್ನ ಮುಖವನ್ನೇ ನೋಡುತ್ತ ಮೆಲ್ಲಗೆ ಕೇಳಿದರು: "ಮಾಸ್ತರ, ಮುಂಜಾನಿತನಾ ಕಾಣತಿತ್ತಲ್ರಿ. ನಡುವ ಏನಾತು?"