ಗರ್ಭಕೋಶಕ್ಕೆ ಹಾಕಿದ ಹೊಲಿಗೆ

ಹೈದರಾಬಾದಿನ ಸರ್ಕಾರಿ ಹೆರಿಗೆ ಆಸ್ಪತ್ರೆಯೊಂದರಲ್ಲಿ ಸ್ನಾತಕೋತ್ತರ ಪದವಿ ಓದುತ್ತಿದ್ದಾಗ ನನ್ನ ಪ್ರಬಂಧದ ವಿಷಯ ದಾರ. ಸಿಸೇರಿಯನ್ ಮಾಡಿ ಮಗುವನ್ನು ತೆಗೆದ ಮೇಲೆ ಗರ್ಭಕೋಶವನ್ನು ಹೊಲಿಯಲು ನಮ್ಮಲ್ಲಿ ಎರಡು ಬಗೆಯ ದಾರಗಳಿದ್ದವು. ಒಂದು ಪ್ರಾಣಿಯ ಕರುಳಿನಿಂದ ಮಾಡಿದ್ದು, ಬೇಗ ಬಲ ಕಳೆದುಕೊಳ್ಳುತ್ತದೆ. ಇನ್ನೊಂದು ಕೃತಕ ಎಳೆ, ಇನ್ನಷ್ಟು ದಿನ ಬಿಗಿಯಾಗಿ ಹಿಡಿದಿರುತ್ತದೆ. ಆರು ತಿಂಗಳ ನಂತರ ಸ್ಕ್ಯಾನ್ ಮಾಡಿ, ಹೊಲಿಗೆ ಬಿದ್ದ ಜಾಗ ಎಷ್ಟು ದಪ್ಪಗೆ ಮಾಯ್ದಿದೆ ಎಂದು ಅಳೆಯಬೇಕಿತ್ತು.

ಯಾದಗಿರಿ ಕಡೆಯ ಒಬ್ಬಳು ಹೆರಿಗೆಗೆ ಬಂದಿದ್ದಳು, ಸಿಸೇರಿಯನ್ ಮಾಡಬೇಕಿತ್ತು. ಗಂಡ ಹೆಂಡತಿ ಇಬ್ಬರೂ ಕೊಂಡಾಪುರದಲ್ಲಿ ಅಪಾರ್ಟ್‌ಮೆಂಟ್ ಕಟ್ಟುವ ಕೆಲಸಕ್ಕಿದ್ದರು. ಒಪ್ಪಿಗೆ ಪತ್ರ ತೆಲುಗಿನಲ್ಲಿತ್ತು. ನಾನು ಕಲಬುರಗಿಯವಳಾದ್ದರಿಂದ ಅವಳ ಹಾಸಿಗೆಯ ಪಕ್ಕ ಕುಳಿತು ಬಾಯಲ್ಲೇ ಹೇಳಿದೆ.

"ಎರಡು ಥರದ ದಾರ ಅದಾವ. ಎರಡೂ ಒಳಗ ಕರಗ್ತಾವ. ಚೀಟ್ಯಾಗ ಯಾವ್ದು ಬರ್ತೈತಿ, ಅದನ್ನ ಹಾಕ್ತೀವಿ. ಬ್ಯಾಡ ಅಂದ್ರೂ ನಡೀತೈತಿ."

"ನೀವ ಹೊಲಿತೀರೇನ್ರಿ?"

"ಹೂಂ, ದೊಡ್ಡ ಡಾಕ್ಟರ್ ಜೋಡಿ ನಾನೂ ಇರ್ತೀನಿ."

"ಹಂಗಾದ್ರ ಹಾಕ್ರಿ," ಎಂದು ಹೆಬ್ಬೆಟ್ಟು ಒತ್ತಿದಳು.

ಹೆಣ್ಣು ಮಗು. ಚೆನ್ನಾಗಿ ಅತ್ತಿತು. ಲಕೋಟೆಯೊಳಗಿನ ಚೀಟಿಯಲ್ಲಿ ಕರುಳಿನ ದಾರ ಬಂದಿತ್ತು.

ಆರು ತಿಂಗಳಿಗೆ ಕರೆದವರಲ್ಲಿ ಅರ್ಧದಷ್ಟು ಜನ ಬರುತ್ತಿರಲಿಲ್ಲ. ಇವಳು ಬಂದಳು. ಅಷ್ಟರಲ್ಲಿ ಕೆಲಸ ಲಿಂಗಂಪಲ್ಲಿಗೆ ಬದಲಾಗಿತ್ತು. ಅಲ್ಲಿಂದ ಲೋಕಲ್ ರೈಲು ಹತ್ತಿ ಒಬ್ಬಳೇ ಬಂದಿದ್ದಳು. ಸ್ಕ್ಯಾನ್ ಕೋಣೆಯ ಮಂಚದ ಮೇಲೆ ಮಲಗಿಸಿ, ಪರದೆ ನೋಡುತ್ತಾ ಕೇಳಿದೆ, "ಕೂಸನ್ನ ಯಾರ ಹತ್ರ ಬಿಟ್ಟ ಬಂದಿ?"

"ತೀರಿಕೊಂತ್ರೀ. ನಾಕು ತಿಂಗಳಿತ್ತು. ವಾಂತಿ ಭೇದಿ ಆತು, ಎರಡು ದಿನಾನೂ ತಡೀಲಿಲ್ಲ."

ನಾನು ಆಗಲೇ ಅಳತೆ ಹಿಡಿದಿದ್ದೆ. ಕೈ ನಿಲ್ಲಲಿಲ್ಲ. ಮತ್ತೆರಡು ಸಲ ಅಳೆದು, ಮೂರರ ಸರಾಸರಿ ಬರೆದುಕೊಂಡೆ.

"ಮತ್ತ ಇಷ್ಟು ದೂರ ಯಾಕ ಬಂದಿ?"

"ನೀವ ಬಾ ಅಂದಿದ್ರೆಲ್ರಿ." ಎದ್ದು ಕೂತು ಸೆರಗು ಸರಿಮಾಡಿಕೊಳ್ಳುತ್ತಾ ಹೇಳಿದಳು, "ನಮ್ಮತ್ತಿ, ಆಪರೇಷನ್ನಿನಾಗ ಗರ್ಭಚೀಲ ಕೆಟ್ಟೈತಿ ಅಂತಾಳ್ರಿ. ನನ್ನ ಗಂಡಗ ಇನ್ನೊಂದು ಲಗ್ನ ಮಾಡಾಕ ನಿಂತಾಳ. ಕೆಟ್ಟಿಲ್ಲಂತ ಒಂದ ಚೀಟಿ ಬರದ ಕೊಡ್ರಿ. ಕನ್ನಡದಾಗ ಬರೀರಿ. ಊರಾಗ ಓದಿ ಹೇಳೋರು ಅದಾರ."

ಆಸ್ಪತ್ರೆಯ ಚೀಟಿಯ ಮೇಲೆ ಬರೆಯಲು ಕೂತೆ. ಕನ್ನಡದಲ್ಲಿ ಬರೆದು ವರ್ಷಗಳಾಗಿದ್ದವು. ಒತ್ತಕ್ಷರಗಳು ಅಡ್ಡಾದಿಡ್ಡಿಯಾದವು. 'ಗರ್ಭಕೋಶದ ಗಾಯ ಚೆನ್ನಾಗಿ ಮಾಯ್ದಿದೆ. ಒಂದೂವರೆ ವರ್ಷ ಬಿಟ್ಟು ಮತ್ತೆ ಮಗುವಾಗಲು ಸದ್ಯಕ್ಕೆ ತೊಂದರೆ ಕಾಣುವುದಿಲ್ಲ. ಹೆರಿಗೆ ಆಸ್ಪತ್ರೆಯಲ್ಲೇ ಆಗಬೇಕು.' ಸಹಿ ಹಾಕಿ, ಕೆಳಗೆ ನನ್ನ ಫೋನ್ ನಂಬರ್ ಬರೆದು, ಸೀಲ್ ಒತ್ತಿ ಕೊಟ್ಟೆ. ಅವಳು ಅದನ್ನು ಎರಡು ಮಡಿಕೆ ಮಾಡಿ ಕುಪ್ಪಸದೊಳಗೆ ಇಟ್ಟುಕೊಂಡಳು. ಮಗುವಿನ ಬಗ್ಗೆ ಏನಾದರೂ ಹೇಳಬೇಕಿತ್ತು. "ಮುಂದಿನವರನ್ನ ಒಳಗ ಕಳಸು," ಎಂದೆ.

ನನ್ನ ನಮೂನೆಯಲ್ಲಿ ಮಗುವಿನ ಬಗ್ಗೆ ಕೇಳುವ ಕಾಲಂ ಇರಲಿಲ್ಲ. ಅಂಚಿನಲ್ಲಿ ಸಣ್ಣದಾಗಿ 'ಮಗು ತೀರಿದೆ' ಎಂದು ಇಂಗ್ಲಿಷಿನಲ್ಲಿ ಬರೆದೆ. ಮಾರ್ಗದರ್ಶಕಿ ಅದನ್ನು ಪೆನ್ಸಿಲಿನಿಂದ ಹೊಡೆದು ಹಾಕಿ, "ಇದು ನಮ್ಮ ವಿಷಯ ಅಲ್ಲವಲ್ಲ," ಎಂದರು. ಅವರು ಕೆಟ್ಟವರೇನಲ್ಲ. ಅವರು ಹೇಳಿದ್ದೂ ಸರಿಯೇ. ನಾನು ಹೂಂ ಎಂದೆ. ಮಧ್ಯಾಹ್ನ ಹಾಸ್ಟೆಲಿನಲ್ಲಿ ಅನ್ನ, ಬೇಳೆಯ ಪಪ್ಪು ಪೂರ್ತಿ ಊಟ ಮಾಡಿದೆ. ನಿದ್ದೆಯೂ ಬಂತು.

ಪ್ರಬಂಧದ ಕೊನೆಗೆ ಎರಡು ದಾರಗಳ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸವೇನೂ ಕಾಣಲಿಲ್ಲ. ಪದವಿ ಮುಗಿದ ಮೇಲೆ ಒಂದು ಮುಂಜಾನೆ ಗೊತ್ತಿಲ್ಲದ ನಂಬರಿನಿಂದ ಫೋನ್ ಬಂತು.

"ನಾನ್ರಿ, ಚೀಟಿ ಬರಸ್ಕೊಂಡ ಹೋದಾಕಿ. ಗಂಡಮಗ ಹುಟ್ಯಾನ್ರಿ, ಯಾದಗಿರಿ ದವಾಖಾನ್ಯಾಗ. ಹಳೇ ಹೊಲಿಗಿ ಗಟ್ಟಿ ಐತಂತ ಅಲ್ಲಿ ಡಾಕ್ಟರ್ ಅಂದ್ರು."

"ಛಲೋ ಆತು," ಎಂದೆ. ಆರೋಗ್ಯ, ಹಾಲು, ಲಸಿಕೆ ಎಲ್ಲ ಕೇಳಿದೆ. ಆರು ತಿಂಗಳು ಎದೆಹಾಲೇ ಕೊಡು, ಹೊರಗಿನ ನೀರು ಕುಡಿಸಬೇಡ ಎಂದು ಎರಡು ಸಲ ಹೇಳಿದೆ. ಸಂತೋಷವಾಗಬೇಕಿತ್ತು, ಆಗಿರಲೂಬಹುದು, ಗೊತ್ತಾಗಲಿಲ್ಲ. ಫೋನ್ ಇಟ್ಟ ಮೇಲೆ ಕೈತೊಳೆದು ಆಪರೇಷನ್ ಥಿಯೇಟರಿಗೆ ಹೋದೆ. ನರ್ಸ್ ಯಾವ ದಾರ ಬೇಕೆಂದು ಕೇಳಿದಳು. ಇದ್ದದ್ದನ್ನು ಕೊಡು ಎಂದೆ.