ಲಕ್ಕಪ್ಪ ಮಾರಿದ ಹನ್ನೆರಡು ಸೆಕೆಂಡು

ಸುಟ್ಟ ಮೋಟಾರಿಗೆ ಹೊಸ ತಂತಿ ಸುತ್ತಿಕೊಡುವ ಅಂಗಡಿಗಳು ಮೂಡಲಗಿಯಲ್ಲಿ ನಾಲ್ಕೈದಿವೆ. ಅವುಗಳಲ್ಲಿ ರಿಪೇರಿಯಾದ ಮೋಟಾರನ್ನು ವಾಪಸು ಪಡೆಯಬೇಕಾದರೆ ಮೊದಲು ಅಂಗಡಿಯವನ ಯೂಟ್ಯೂಬ್ ಚಾನೆಲ್ಲಿಗೆ ಸಬ್‌ಸ್ಕ್ರೈಬ್ ಆಗಲೇಬೇಕೆಂಬ ಷರತ್ತಿರುವುದು ಒಂದರಲ್ಲಿ ಮಾತ್ರ. ಅದು ನಾಗನೂರಿನ ಲಕ್ಕಪ್ಪನದು. ಕಬ್ಬಿಗೆ ನೀರು ಹಾಯಿಸುವ ಅವಸರದಲ್ಲಿರುವವರು ಯಾವ ಷರತ್ತಿಗಾದರೂ ತಲೆಯಾಡಿಸುತ್ತಾರೆ. ಹೀಗಾಗಿ ಚಾನೆಲ್ಲಿಗೆ ನಾನೂರಕ್ಕೂ ಹೆಚ್ಚು ಚಂದಾದಾರರಿದ್ದಾರೆ. ಅವರಲ್ಲಿ ವಿಡಿಯೋ ನೋಡುವವರು ಇಬ್ಬರು. ಒಬ್ಬ ಲಕ್ಕಪ್ಪ, ಇನ್ನೊಬ್ಬ ನಾನು. ಗೋಕಾಕದ ನನ್ನ ಮನೆಯ ಬೋರಿನ ಮೋಟಾರು ವರ್ಷಕ್ಕೆರಡು ಸಲ ಸುಡುವುದರಿಂದ ಅವನ ಕಲೆಯ ಬಗ್ಗೆ ನನಗೆ ಗೌರವ ಇಟ್ಟುಕೊಳ್ಳದೆ ಗತಿಯಿಲ್ಲ.

ಈ ಹುಚ್ಚು ಅವನಿಗೆ ಹತ್ತಿದ್ದು ಧಂದೆಯಿಂದಲೇ. ಒಳಗಿನ ತಾಮ್ರ ನೀನೇ ಬದಲಿಸಿದ್ದೀಯ ಎಂದು ಗಿರಾಕಿಗಳು ಜಗಳ ತೆಗೆಯುತ್ತಿದ್ದರು. ಅದಕ್ಕೆ ಮೋಟಾರು ಬಿಚ್ಚುವಾಗೆಲ್ಲ ಫೋನಿನಲ್ಲಿ ವಿಡಿಯೋ ಮಾಡಿಡತೊಡಗಿದ. ಮಾಡುತ್ತ ಮಾಡುತ್ತ ಸುಟ್ಟ ತಂತಿಯೇ ಅವನಿಗೆ ಚೆಂದ ಕಾಣತೊಡಗಿತು. ಸುಟ್ಟ ತಂತಿ ಚೆಂದ ಕಂಡವನಿಗೆ ಗೋಕಾಕ ಫಾಲ್ಸ್ ಕಂಡರೆ ಏನಾಗಬೇಡ? ಒಂದು ಹಳೆಯ ಕ್ಯಾಮೆರಾ ಕೊಂಡು ಅರವತ್ಮೂರು ಸಲ ಅದನ್ನು ಚಿತ್ರಿಸಿದ. ಸಣ್ಣ ಸಣ್ಣ ವಿಡಿಯೋ ತುಣುಕುಗಳನ್ನು ಮಾರಿಕೊಡುವ ಯಾವುದೋ ಪರದೇಶದ ಜಾಲತಾಣಕ್ಕೆ ಕಳಿಸಿದ. ಅಲ್ಲಿಂದ ಇಂಗ್ಲಿಷಿನಲ್ಲಿ ಉತ್ತರ ಬಂತು. ಓದಿ ಹೇಳಲು ನನ್ನ ಬಳಿ ತಂದ. ನಾನು ಹೈಸ್ಕೂಲಿನಲ್ಲಿ ಕಲಿಸುವುದು ಕನ್ನಡ, ವಾರಕ್ಕೊಮ್ಮೆ ಪತ್ರಿಕೆಗೆ ಬರೆಯುವುದು ಹಾಸ್ಯ. ಆದರೂ ಮಾಸ್ತರನೆಂದರೆ ಇಂಗ್ಲಿಷ್ ಬರುತ್ತದೆ ಎಂಬ ನಂಬಿಕೆ ನಮ್ಮ ಕಡೆ ಇನ್ನೂ ಉಳಿದಿದೆ, ನಾನೂ ಅದನ್ನು ಕೆಡಿಸಲು ಹೋಗಿಲ್ಲ. ಜಲಪಾತಗಳು ತಮ್ಮಲ್ಲಿ ಈಗಾಗಲೇ ಸಾಕಷ್ಟಿವೆ ಎಂದು ಬರೆದಿದ್ದಾರೆ ಅಂದೆ.

"ಗೋಕಾಕ ಫಾಲ್ಸ್ ಜಗತ್ತಿನ್ಯಾಗ ಎಷ್ಟ ಅದಾವ್ರಿ ಮಾಸ್ತರ?"

ಒಂದೇ, ಅಂದೆ. ಹಾಗಂತಲೇ ಅವರಿಗೆ ಬರೆಯಿರಿ ಅಂದ. ಬರೆದೆ. ಅವರು ಇನ್ನೂ ಯೋಚಿಸುತ್ತಿರಬೇಕು.

ಆಮೇಲೆ ಮದುವೆಗಳಿಗೆ ನುಗ್ಗಿದ. ಯಾರೂ ಕರೆಯದಿದ್ದರೂ ಊಟದ ಪಂಕ್ತಿಯನ್ನೆಲ್ಲ ಚಿತ್ರಿಸಿ, ಅವರವರ ತುಣುಕನ್ನು ಅವರವರಿಗೇ ಮಾರಲು ನೋಡಿದ. ಆರನೆಯ ಹೋಳಿಗೆಗೆ ಕೈಯೊಡ್ಡುತ್ತಿರುವ ತನ್ನನ್ನು ಯಾರು ಕೊಂಡಾರು? ಬಸ್ ಸ್ಟ್ಯಾಂಡಿನ ಚಹಾದಂಗಡಿಯ ಟಿವಿಯಲ್ಲಿ ಹಾಕಿರೆಂದು ಪೆನ್‌ಡ್ರೈವ್ ಕೊಟ್ಟ. ಅವರು ಅದನ್ನು ಖುಷಿಯಿಂದ ತೆಗೆದುಕೊಂಡು, ಫಾಲ್ಸ್ ಅಳಿಸಿ, ಹಾಡು ತುಂಬಿಕೊಂಡರು. ಹಂಚುವುದೇನೋ ಆಗುತ್ತಿತ್ತು, ಮಾರುವುದು ಮಾತ್ರ ಆಗುತ್ತಿರಲಿಲ್ಲ. ಒಂದೇ ಒಂದು ಮಾರಿದರೆ ಸಾಕು, ಆಮೇಲೆ ನನ್ನನ್ನು ಹುಚ್ಚ ಅನ್ನುವವರ ಬಾಯಿ ಮುಚ್ಚುತ್ತದೆ ಎಂದು ಅವನು ನನ್ನ ಮೋಟಾರಿಗೆ ತಂತಿ ಸುತ್ತುತ್ತ ಹೇಳಿದ್ದ. ಆಗ ಅವನ ದನಿಯಲ್ಲಿ ಚೇಷ್ಟೆ ಇರಲಿಲ್ಲ.

ಕಳೆದ ಪಂಚಮಿಗೆ ಅಕ್ಕ ಚನ್ನವ್ವನನ್ನು ತವರಿಗೆ ಕರೆತರಲೆಂದು ಹುಕ್ಕೇರಿ ತಾಲೂಕಿನ ದಡ್ಡಿ ಎಂಬ ಊರಿಗೆ ಹೋದ. ಅಕ್ಕ ಕಟ್ಟೆಯ ಮೇಲೆ ಕೂತು ಮೊರದಲ್ಲಿ ಜೋಳ ಕೇರುತ್ತಿದ್ದಳು. ಶ್ರಾವಣದ ಮೋಡ ಆಗಷ್ಟೇ ಸರಿದು ಬಿಸಿಲು ಬಿದ್ದಿತ್ತು. ಕಾಳು ಮೇಲೆ ಹಾರಿ ಮೊರಕ್ಕೇ ಮರಳುತ್ತಿದ್ದವು, ಹೊಟ್ಟು ಹೊಂಬಣ್ಣದ ಹೊಗೆಯಂತೆ ಆಚೆ ಹೋಗುತ್ತಿತ್ತು. ಕೊನೆಗೆ ಒಂದು ಕೋಳಿ ಬಂದು ಕ್ಯಾಮೆರಾ ನೋಡಿತು. ಹನ್ನೆರಡು ಸೆಕೆಂಡು. ಅದನ್ನು ಚಾನೆಲ್ಲಿಗೆ ಹಾಕಿ ಮರೆತುಬಿಟ್ಟ. ತಿಂಗಳಾದ ಮೇಲೆ ಪುಣೆಯ ಒಂದು ಜಾಹೀರಾತು ಕಂಪನಿಯಿಂದ ಸಂದೇಶ ಬಂತು. ಹಿಟ್ಟಿನ ಪಾಕೀಟಿನ ಜಾಹೀರಾತಿಗೆ ಆ ತುಣುಕು ಬೇಕು, ಕೊಳ್ಳುತ್ತೇವೆ. ಆದರೆ ಅದರಲ್ಲಿ ಮುಖ ಕಾಣುವ ಹೆಂಗಸು ಒಪ್ಪಿಗೆಪತ್ರಕ್ಕೆ ಸಹಿ ಹಾಕಬೇಕು, ಒಬ್ಬ ಸಾಕ್ಷಿಯೂ ಬೇಕು. ಶನಿವಾರದೊಳಗೆ ಅದರ ಫೋಟೋ ಬರದಿದ್ದರೆ ಬೇರೆ ಯಾರದಾದರೂ ತಗೊಳ್ಳುತ್ತೇವೆ.

ಲಕ್ಕಪ್ಪ ಎರಡು ಕೆಲಸ ಮಾಡಿದ. ಮೊದಲನೆಯದು, ಬಿಳಿ ಹಾಳೆಯ ಮೇಲಿನ ಸಹಿಯನ್ನು ಪುಣೆಯವರು ನಂಬುವುದಿಲ್ಲ ಎಂದು ತಾನೇ ತೀರ್ಮಾನಿಸಿ, ತಹಸೀಲ್ದಾರ ಕಚೇರಿಯ ಎದುರು ನೂರು ರೂಪಾಯಿಯ ಬಾಂಡ್ ಕಾಗದ ಕೊಂಡು ಅವರ ಇಂಗ್ಲಿಷ್ ಒಪ್ಪಿಗೆಪತ್ರವನ್ನು ಅದರ ಮೇಲೆ ಅಚ್ಚು ಹಾಕಿಸಿದ. ಒಂದು ಕೆಟ್ಟರೆ ಇರಲಿ ಅಂತ ಇನ್ನೊಂದು ಖಾಲಿ ಬಾಂಡನ್ನೂ ತಂದ. ಎರಡನೆಯದು, ಬರಿಗೈಯಲ್ಲಿ ಹೋಗಬಾರದೆಂದು ಹೆಂಡತಿ ಕಸ್ತೂರಿ ಹೇಳಿದ್ದರಿಂದ ಒಂದು ಇಳಕಲ್ ಸೀರೆ, ಮೇಲೊಂದು ಕುಪ್ಪಸದ ಖಣ ತಗೊಂಡ. ಸಾಕ್ಷಿಯೆಂದು ನನ್ನನ್ನು ಗೋಕಾಕದಲ್ಲಿ ಬೈಕಿಗೆ ಹತ್ತಿಸಿಕೊಂಡ. ಇದೆಲ್ಲ ನೋಡಿದವರಿಗೆ ಹೇಗೆ ಕಾಣುತ್ತದೆಂದು ದಾರಿಯುದ್ದಕ್ಕೂ ನಮ್ಮಿಬ್ಬರಲ್ಲಿ ಒಬ್ಬರಿಗೂ ಹೊಳೆಯಲಿಲ್ಲ. ಹಾಸ್ಯ ಬರೆಯುವವನಿಗೆ ಸೂಕ್ಷ್ಮ ಬುದ್ಧಿ ಇರುತ್ತದೆ ಎನ್ನುವವರು ಇದನ್ನು ಗಮನಿಸಬೇಕು.

ನಾಗನೂರಿನಲ್ಲಿ ಅಪ್ಪ ಬಿಟ್ಟುಹೋದ ನಾಲ್ಕೆಕರೆ ಹೊಲವಿತ್ತು. ಉಣ್ಣುತ್ತಿದ್ದವನು ಲಕ್ಕಪ್ಪ. ಅಕ್ಕನ ಪಾಲಿನ ಮಾತನ್ನು ಅವಳು ಎತ್ತಿರಲಿಲ್ಲ, ಇವನು ಎತ್ತಲು ಬಿಟ್ಟಿರಲಿಲ್ಲ. ಪ್ರತಿ ಪಂಚಮಿಗೆ ಅವಳು ಆ ಮಾತಿನ ಹತ್ತಿರ ಬಂದಾಗಲೆಲ್ಲ ಇವನು ಇನ್ನೊಂದು ಉಂಡಿ ಬಡಿಸುತ್ತಿದ್ದ. ಇಂಥ ಅಕ್ಕನ ಮನೆಗೆ, ಪಂಚಮಿ ಮುಗಿದು ದೀಪಾವಳಿ ಬಾರದ ಹೊತ್ತಿನಲ್ಲಿ, ತಮ್ಮನೊಬ್ಬ ಸೀರೆ, ಬಾಂಡ್, ಜೊತೆಗೆ ಕಿಸೆಯಲ್ಲಿ ಎರಡು ಪೆನ್ನು ಸಿಕ್ಕಿಸಿಕೊಂಡ ಡೊಳ್ಳುಹೊಟ್ಟೆಯವನೊಬ್ಬನನ್ನು ಕರೆದುಕೊಂಡು ಬಂದರೆ ಅದರ ಅರ್ಥವೇನೆಂದು ನಮ್ಮ ಜಿಲ್ಲೆಯ ಯಾವ ಹೆಣ್ಣುಮಗಳಿಗೂ ಹೇಳಿಕೊಡಬೇಕಾಗಿಲ್ಲ. ಸೀರೆ ಉಡಿಸಿ ಹಕ್ಕು ಬರೆಸಿಕೊಂಡು ಹೋದ ಅಣ್ಣತಮ್ಮಂದಿರು ಓಣಿಗೊಬ್ಬರಿದ್ದಾರೆ.

ಚನ್ನವ್ವ ಮುಖದ ಮೇಲೆ ಏನೂ ತೋರಗೊಡಲಿಲ್ಲ. ಚಹಾ ಕೊಡಿಸಿದಳು. ನನ್ನ ಕಿಸೆಯನ್ನೇ ನೋಡುತ್ತ ಕೇಳಿದಳು:

"ಬಾಂಡ್ ಬರಿಯಾವ್ರೇನ್ರಿ ನೀವು?"

"ಅಲ್ರಿ ಅವ್ವಾರ, ಸಾಲಿ ಮಾಸ್ತರ."

"ಸಾಲಿ ಮಾಸ್ತರೂ ಈ ಕೆಲಸಕ್ಕ ಇಳದ್ರೇನು," ಎಂದು, ಲಕ್ಕಪ್ಪ ಮುಂದಿಟ್ಟ ಬಾಂಡನ್ನು ಓದಿ ಹೇಳಿ ಅಂದಳು.

ಓದಿದೆ. ನಾನು ಮತ್ತು ನನ್ನ ವಾರಸುದಾರರು ಮುಂದೆಂದೂ ಯಾವುದೇ ತಕರಾರು ಮಾಡದೆ ಎಲ್ಲ ಹಕ್ಕುಗಳನ್ನೂ ಶಾಶ್ವತವಾಗಿ ಬಿಟ್ಟುಕೊಟ್ಟಿರುತ್ತೇವೆ, ಇದನ್ನು ಎಂದೂ ಹಿಂಪಡೆಯುವಂತಿಲ್ಲ. ಒಂದು ಇಂಗ್ಲಿಷ್ ವಾಕ್ಯವನ್ನು ನಾನು ತಪ್ಪಿಲ್ಲದೆ ಕನ್ನಡಕ್ಕೆ ತಂದದ್ದು ಜೀವಮಾನದಲ್ಲಿ ಅದೇ ಮೊದಲು. ತರಬಾರದ ಜಾಗದಲ್ಲಿ ತಂದಿದ್ದೆ.

ಚನ್ನವ್ವ ಸೀರೆಯ ಅಂಚನ್ನು ಬೆರಳಲ್ಲಿ ತಿಕ್ಕಿ ನೋಡಿ, ಮಡಿಚಿ, ತಮ್ಮನ ಕಡೆ ಸರಿಸಿದಳು. "ಸೀರಿ ಚೊಲೊ ಐತಿ. ನಿನ್ನ ಹೇಂತಿಗೆ ಒಪ್ಪತೈತಿ, ಒಯ್ಯಿ."

ಲಕ್ಕಪ್ಪ ಬಣ್ಣ ಸೇರಲಿಲ್ಲವೇನೋ ಎಂದುಕೊಂಡು, ಅಂಗಡಿಯವರು ಬದಲಿಸಿಕೊಡುತ್ತಾರೆ ಅಂದ. ಅಕ್ಕನ ಸೊಸೆ ನೇತ್ರಾ ಅಡುಗೆಮನೆಯ ಬಾಗಿಲಲ್ಲಿ ನಿಂತು ಎಲ್ಲ ಕೇಳುತ್ತಿದ್ದಳು. "ಸೀರೀ ಮಾತಲ್ರಿ ಮಾವಾರ, ಹೊಲದ ಮಾತು," ಅಂದಳು.

ಆಗ ನೋಡಬೇಕಿತ್ತು ಲಕ್ಕಪ್ಪನನ್ನು. ಫೋನು ತೆಗೆದ, ವಿಡಿಯೋ ತೋರಿಸಿದ, ಕೋಳಿ ತೋರಿಸಿದ, ಪುಣೆಯವರ ಸಂದೇಶ ತೋರಿಸಿದ. ಈ ಧಂದೆಯ ಕಾನೂನೇ ಹೀಗೆ, ಯಾರ ಮುಖ ಕಾಣುತ್ತದೋ ಅವರು ಸಹಿ ಹಾಕದಿದ್ದರೆ ವಿಡಿಯೋಕ್ಕೆ ಕಿಮ್ಮತ್ತಿಲ್ಲ ಎಂದು ಮೂರು ಸಲ ಬಿಡಿಸಿ ಹೇಳಿದ. ಚನ್ನವ್ವ ಮೂರು ಸಲವೂ ಗಮನವಿಟ್ಟು ಕೇಳಿದಳು. ಅಷ್ಟೊಂದು ಗಮನ ಯಾಕೆ ಎಂದು ನಮಗೆ ಆಗ ತಿಳಿಯಲಿಲ್ಲ.

"ಹಂಗಾದ್ರ ಇದು ಹೊಲದ ಕಾಗದ ಅಲ್ಲ?"

"ನಿನ್ನಾಣೆ ಯಕ್ಕಾ, ಅಲ್ಲ."

"ಹೊಲದಾಗ ನನ್ನ ಪಾಲು ಇದ್ದಂಗ ಐತಿ?"

ಲಕ್ಕಪ್ಪ ಸುತ್ತ ನೋಡಿದ. ಉಂಡಿ ಬಡಿಸೋಣವೆಂದರೆ ಮನೆ ತನ್ನದಲ್ಲ. ಅವತ್ತು ಶುಕ್ರವಾರ. "ಐತಿ," ಅಂದ.

"ಎಷ್ಟೈತಿ?"

"ಅರ್ಧ."

"ನೇತ್ರಾ, ನಿನ್ನ ಫೋನ್ ತಗೊಂಬಾ. ಮಾವ ಇನ್ನೊಮ್ಮಿ ಹೇಳತಾನ."

ಇಲ್ಲಿಯವರೆಗೆ ನಡೆದದ್ದು ಯಾರಿಗಾದರೂ ಆಗಬಹುದಾದದ್ದು. ಮುಂದಿನದು ಲಕ್ಕಪ್ಪನೊಬ್ಬನಿಗೇ ಆಗಲು ಸಾಧ್ಯ. ನೇತ್ರಾ ಫೋನನ್ನು ಉದ್ದಕ್ಕೆ ಹಿಡಿದದ್ದು ಅವನಿಗೆ ಸಹಿಸಲಾಗಲಿಲ್ಲ. ಅಡ್ಡ ಹಿಡಿ ತಂಗಿ ಅಂದ. ಬೆನ್ನ ಹಿಂದೆ ಬಾಗಿಲ ಬೆಳಕಿದೆ, ಮುಖ ಕಪ್ಪಾಗುತ್ತದೆ ಎಂದು ತಾನೇ ಎದ್ದು ಕಟ್ಟೆಯ ಮೇಲೆ ಬಿಸಿಲಿಗೆ ಮುಖ ಮಾಡಿ ಕೂತ. ಮೊದಲ ಸಲ ಹೇಳುವಾಗ "ಅರ್ಧ" ಅನ್ನುವ ಹೊತ್ತಿಗೇ ಅದೇ ಕೋಳಿ ಕೂಗಿತು. ಮಾತು ಸ್ವಚ್ಛ ಕೇಳಲಿಲ್ಲ, ಇನ್ನೊಮ್ಮೆ ಮಾಡೋಣ ಅಂದ. ಎರಡನೆಯ ಸಲ ಬರೀ ಅರ್ಧ ಅಂದರೆ ನೋಡುವವರಿಗೆ ತಿಳಿಯುವುದಿಲ್ಲ ಎಂದು ತಾನಾಗಿಯೇ ಊರು, ನಾಲ್ಕೆಕರೆ, ಅದರಲ್ಲಿ ಅಕ್ಕನಿಗೆ ಎರಡೆಕರೆ ಎಂದು ಬಿಡಿಬಿಡಿಯಾಗಿ ಹೇಳಿದ. ನಾನು ಕೆಮ್ಮಿದೆ. ಎಚ್ಚರಿಸಲು ಕೆಮ್ಮಿದ್ದು. ದನಿಮುದ್ರಣ ನಡೆದಾಗ ಕೆಮ್ಮಬ್ಯಾಡ್ರಿ ಮಾಸ್ತರ ಎಂದು ಸಿಟ್ಟಾಗಿ ಮೂರನೆಯ ಸಲ ಹೇಳಿದ. ಅದು ಅದ್ಭುತವಾಗಿ ಬಂತು.

ಚನ್ನವ್ವ ಪುಣೆಯ ಬಾಂಡಿಗೆ ಸಹಿ ಹಾಕಿದಳು. ಸಾಕ್ಷಿಯಾಗಿ ನಾನೂ ಹಾಕಿದೆ. ಲಕ್ಕಪ್ಪ ಏಳುವುದರಲ್ಲಿದ್ದ. ಅವಳು ಅವನ ಚೀಲದಿಂದ ಖಾಲಿ ಬಾಂಡನ್ನು ಎಳೆದು ನೆಲದ ಮೇಲೆ ಹಾಸಿದಳು.

"ನಮ್ಮ ವಿಡಿಯೋದಾಗ ನಿನ್ನ ಮುಖ ಕಂಡೈತಿ, ತಮ್ಮಾ. ನಿನ್ನ ಸಹಿ ಬೀಳದ ಅದಕ್ಕ ಕಿಮ್ಮತ್ತಿಲ್ಲಂತ. ಮಾಸ್ತರ, ವಿಡಿಯೋದಾಗ ಅಂವ ಏನ ಹೇಳ್ಯಾನ, ಹಂಗಽ ಬರೀರಿ."

ಎರಡು ಪೆನ್ನು ಇಟ್ಟುಕೊಂಡವನು ಪೆನ್ನಿಲ್ಲ ಅನ್ನುವುದು ಹೇಗೆ? ಕನ್ನಡದಲ್ಲಿ, ಚೆಂದದ ಅಕ್ಷರದಲ್ಲಿ ಬರೆದೆ. ಲಕ್ಕಪ್ಪ ಬಹಳ ಹೊತ್ತು ಕಾಗದ ನೋಡಿದ. ಆಮೇಲೆ ಯಾಕೋ ನಕ್ಕ. ಇಷ್ಟು ವರ್ಷ ಉಂಡಿ ಬಡಿಸಿ ಸಾಕಾಗಿತ್ತೋ, ಶನಿವಾರದ ಚಿಂತೆಯೋ, ಸಹಿ ಹಾಕಿದ. ನೇತ್ರಾ ಅಷ್ಟರಲ್ಲಿ ವಿಡಿಯೋವನ್ನು ಬೀಗರ ವಾಟ್ಸಾಪ್ ಗುಂಪಿಗೆ ಹಾಕಿಯಾಗಿತ್ತು. ನಾವು ಹುಕ್ಕೇರಿ ಮುಟ್ಟುವುದರೊಳಗೆ ಅದನ್ನು ಎಷ್ಟು ಜನ ನೋಡಿದ್ದರೆಂದರೆ, ಗೋಕಾಕ ಫಾಲ್ಸಿನ ಅರವತ್ಮೂರೂ ವಿಡಿಯೋ ನೋಡಿದವರನ್ನು ಕೂಡಿಸಿದರೂ ಅಷ್ಟಾಗುತ್ತಿರಲಿಲ್ಲ. ಲಕ್ಕಪ್ಪ ಬೈಕು ನಿಲ್ಲಿಸಿ ನೋಡಿ, ಬೆಳಕು ಚೊಲೊ ಬಂದೈತಿ ನೋಡ್ರಿ, ಅಂದ.

ಪುಣೆಯವರು ಮಾತಿಗೆ ತಪ್ಪದೆ ಹಣ ಕಳಿಸಿದರು. ಎರಡು ತಿಂಗಳಿಗೆ ಜಾಹೀರಾತೂ ಬಂತು. ಅದರಲ್ಲಿ ಎರಡು ಕೈ, ಒಂದು ಮೊರ, ಹಾರುವ ಜೋಳ, ಕಡೆಗೆ ಕೋಳಿ ಇದ್ದವು. ಚನ್ನವ್ವನ ಮುಖವನ್ನು ಕತ್ತರಿಸಿ ತೆಗೆದಿದ್ದರು. ಅಂದರೆ ಸಹಿಯೇ ಬೇಕಿರಲಿಲ್ಲ. ನಾವು ದಡ್ಡಿಗೆ ಹೋಗಬೇಕಾಗಿಯೇ ಇರಲಿಲ್ಲ. ಇದನ್ನು ಲಕ್ಕಪ್ಪನಿಗೆ ತಿಳಿಸಿ ಹೇಳಿದಾಗ ಅವನು ಮುಂದಿದ್ದ ಮೋಟಾರಿಗೆ ರಪರಪ ತಂತಿ ಸುತ್ತಿ ಮುಗಿಸಿದ. ಅದು ನನ್ನದೇ ಮೋಟಾರು. ಆ ಸಲ ಮೂರೇ ವಾರಕ್ಕೆ ಸುಟ್ಟಿತು.

ಕಬ್ಬು ಕಟಾವಾದ ಮೇಲೆ ಸರ್ವೆಯವರು ಬಂದು ಹೊಲದ ಮೋಜಣಿ ಮಾಡಿ ಅಳೆದರು. ನಡುವೆ ಹೊಸ ಕಲ್ಲು ನೆಟ್ಟರು. ಚನ್ನವ್ವ ಅದರ ಪಕ್ಕ ಸೊಂಟದ ಮೇಲೆ ಕೈಯಿಟ್ಟು ನಿಂತಳು. ಬಿಸಿಲು ಓರೆಯಾಗಿ ಬಿದ್ದಿತ್ತು. ಲಕ್ಕಪ್ಪನಿಗೆ ತಡೆಯಲಾಗಲಿಲ್ಲ, ಕ್ಯಾಮೆರಾ ತೆಗೆದ. ಅಕ್ಕ ಸೆರಗಿನಿಂದ ಮುಖ ಮುಚ್ಚಿಕೊಂಡಳು.

"ಮೊದಲ ಸೀರಿ ತಾ."

ಅವನು ಬೈಕು ಹತ್ತಿ ಮನೆಗೆ ಓಡಿದ. ಕಸ್ತೂರಿ ಆ ಸೀರೆಗೆ ಆಗಲೇ ಫಾಲ್ ಹಚ್ಚಿಸಿಕೊಂಡಿದ್ದಳು. ಕೊಡಲು ಆಕೆ ಏನು ಬರೆಸಿಕೊಂಡಳೋ ಅವನು ಹೇಳಿಲ್ಲ. ಅಂತೂ ತಂದ. ಇಳಕಲ್ ಸೀರೆಯುಟ್ಟ ಅಕ್ಕ, ಕಲ್ಲು, ಹಿಂದೆ ಕಬ್ಬಿನ ಕೂಳೆ. ಹದಿನಾಲ್ಕು ಸೆಕೆಂಡಿನ ಆ ವಿಡಿಯೋ ಈಗ ಚಾನೆಲ್ಲಿನಲ್ಲಿದೆ, ಕೊಳ್ಳುವವರಿದ್ದರೆ ಅಕ್ಕನ ಒಪ್ಪಿಗೆಯೂ ಸಿದ್ಧವಾಗಿದೆ. ಎಡಗಡೆಯ ಮೂಲೆಯಲ್ಲಿ ಕಿಸೆಗೆ ಎರಡು ಪೆನ್ನು ಸಿಕ್ಕಿಸಿಕೊಂಡು ನಿಂತವನು ನಾನು. ನನ್ನ ಮುಖ ಬಹಳ ಸ್ಪಷ್ಟವಾಗಿ ಬಂದಿದೆ. ನನ್ನ ಸಹಿಯನ್ನು ಇದುವರೆಗೆ ಯಾರೂ ಕೇಳಿಲ್ಲ.